ಗಬ್ಬರನ ಲೆಕ್ಕ, ದೊಡ್ಡಪ್ಪನ ಲೆಕ್ಕ

ಮೊನ್ನೆ ಭಾನುವಾರ ಆಫೀಸಿನ ನಾಲ್ಕು ಜನ ಸೇರಿ ರಾಮನಗರಕ್ಕೆ ಹೊರಟಿದ್ವಿ. ಪ್ಲಾನ್ ಸರಳ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಬಿಸಿಲೇರೋ ಮುಂಚೆ ರಾಮದೇವರ ಬೆಟ್ಟ, ಮಧ್ಯಾಹ್ನ ಚನ್ನಪಟ್ಟಣದಲ್ಲಿ ನನ್ನ ದೊಡ್ಡಪ್ಪನ ಮನೇಲಿ ಮುದ್ದೆ ಊಟ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಈ ಎರಡೂ ಊರು ಬರೀ ಬೋರ್ಡುಗಳಾಗಿಬಿಟ್ಟಿವೆ. ಬೇಕು ಅಂತಲೇ ಇಳಿದು ಹೋಗಬೇಕು.

ಕಾರಿನಲ್ಲಿ ಮಾತು ಅದು ಹೇಗೋ ಬಂದೂಕಿನ ಕಡೆ ತಿರುಗಿತು. ನಮ್ಮ ಟೀಮಿನಲ್ಲಿ ಮಾಗಡಿ ಕಡೆಯ ಹುಡುಗ ಒಬ್ಬ ಇದ್ದಾನೆ. ನಿಜವಾದ ಬಂದೂಕು ಮುಟ್ಟಿದವನಲ್ಲ, ಆದರೆ ಮೊಬೈಲ್ ಗೇಮ್‌ನಲ್ಲಿ ಅವನು ಹಿಡಿಯದ ಬಂದೂಕಿಲ್ಲ. 9 ಎಂ.ಎಂ., .45, 7.62 ಎಲ್ಲ ಅವನಿಗೆ ತರಕಾರಿ ರೇಟಿನ ಹಾಗೆ ಬಾಯಲ್ಲೇ ಇರುತ್ತೆ. ಅವನ ವಾದ ಇಷ್ಟು: ಅಮೆರಿಕದ ಪೊಲೀಸರು ಪಿಸ್ತೂಲಿನ ಗುಂಡಿನ ಅಳತೆಯನ್ನ ಎಷ್ಟು ಸಲ ಬದಲಾಯಿಸಿದ್ದಾರೆ, ಪರೀಕ್ಷೆ ಮಾಡ್ತಾರೆ, ರಿಪೋರ್ಟ್ ಬರೀತಾರೆ, ನಮ್ಮವರ ಕೈಯಲ್ಲಿ ಇನ್ನೂ ಬ್ರಿಟಿಷರ ಕಾಲದ ಸಾಮಾನು. ‘ಒಳ್ಳೇ ಕ್ಯಾಲಿಬರ್ ಕೊಟ್ರೆ ಅರ್ಧ ಸಮಸ್ಯೆ ಮುಗೀತು’ ಅಂದ.

ಈ ಮಾತನ್ನ ನಾನು ತುಂಬ ಸಲ ಕೇಳಿದ್ದೀನಿ. ನೀವೂ ಕೇಳಿರ್ತೀರಿ. ಆಫೀಸಿನ ಕ್ಯಾಂಟೀನಲ್ಲಿ, ಸಿನಿಮಾ ಮುಗಿಸಿ ಹೊರಗೆ ಬರುವಾಗ. ಇವತ್ತು ಆ ಮಾತಿನ ಮೇಲೇ ನನ್ನ ತಕರಾರು. ಗುಂಡಿನ ಅಳತೆ ಬದಲಾಗೋದು ಗುಂಡಿನ ಶಕ್ತಿಗಾಗಿ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಹಾಗೆ ಅಂದುಕೊಳ್ಳೋದನ್ನ ನಮಗೆ ಕಲಿಸಿದ್ದು ಸಿನಿಮಾ. ಆದರೆ ಅದೇ ಸಿನಿಮಾದಲ್ಲಿ ಒಂದು ದೃಶ್ಯ ಸತ್ಯ ಹೇಳಿದೆ. ಅದು ಚಿತ್ರೀಕರಣ ಆಗಿದ್ದು ನಾವು ಹತ್ತೋಕೆ ಹೊರಟಿದ್ದ ಬೆಟ್ಟದ ಬಂಡೆಗಳ ನಡುವೆ.

‘ಶೋಲೆ’ ಚಿತ್ರೀಕರಣ ಇಲ್ಲಿ 1973ರ ಅಕ್ಟೋಬರ್‌ನಲ್ಲಿ ಶುರುವಾಯ್ತು, 1975ರ ಆಗಸ್ಟ್ 15ಕ್ಕೆ ಸಿನಿಮಾ ತೆರೆಗೆ ಬಂತು. ಗಬ್ಬರ್ ಸಿಂಗ್ ಮೊದಲ ಸಲ ಕಾಣಿಸಿಕೊಳ್ಳೋ ದೃಶ್ಯ ನೆನಪಿಸಿಕೊಳ್ಳಿ. ಸೋತು ಬಂದ ಮೂವರು ನಿಂತಿದ್ದಾರೆ. ಗಬ್ಬರ್ ಒಬ್ಬನ ಕೈಯಿಂದ ರಿವಾಲ್ವರ್ ತಗೊಂಡು, ಇದರಲ್ಲಿ ಎಷ್ಟು ಗುಂಡಿದೆ ಅಂತ ಕೇಳ್ತಾನೆ. ಆರು. ಮೂರನ್ನ ಆಕಾಶಕ್ಕೆ ಹಾರಿಸ್ತಾನೆ. ಉಳಿದದ್ದು ಮೂರು. ಚಕ್ರ ಗಿರ್ರನೆ ತಿರುಗಿಸ್ತಾನೆ, ಎಲ್ಲಿ ಗುಂಡಿದೆ, ಎಲ್ಲಿ ಇಲ್ಲ, ತನಗೂ ಗೊತ್ತಿಲ್ಲ ಅಂತಾನೆ. ಒಬ್ಬೊಬ್ಬನ ತಲೆಗೂ ಇಟ್ಟು ಕುದುರೆ ಎಳೀತಾನೆ. ಟಕ್, ಟಕ್, ಟಕ್. ಮೂವರೂ ಬದುಕಿದರು. ಎಲ್ಲರೂ ನಗ್ತಾರೆ. ಆಮೇಲೆ ಮೂರು ಗುಂಡು, ಮೂರು ಹೆಣ.

ಈ ದೃಶ್ಯದ ಬಗ್ಗೆ ಬರೆದವರೆಲ್ಲ ಅಮ್ಜದ್ ಖಾನ್ ದನಿ, ಆ ನಗು, ಆ ಬೆಲ್ಟು, ಇವುಗಳ ಬಗ್ಗೆಯೇ ಬರೆದಿದ್ದಾರೆ. ನನಗೆ ಹಿಡಿಸಿದ್ದು ಲೆಕ್ಕ. ಒಂದು ನಿಮಿಷ ಕೂತು ಹಾಕಿ ನೋಡಿ. ಮೂರು ಗುಂಡು ಸಾಲಾಗಿ ಹಾರಿಸಿದ್ದರಿಂದ ಚಕ್ರದಲ್ಲಿ ಖಾಲಿಯಾದ ಮೂರು ಮನೆ ಅಕ್ಕಪಕ್ಕದಲ್ಲೇ ಇವೆ, ತುಂಬಿದ ಮೂರೂ ಅಕ್ಕಪಕ್ಕದಲ್ಲೇ ಇವೆ. ಚಕ್ರ ಎಲ್ಲಿ ನಿಂತರೆ ಸಾಲಾಗಿ ಮೂರು ಸಲ ಟಕ್ ಅನ್ನುತ್ತೆ? ಆರರಲ್ಲಿ ಒಂದೇ ಒಂದು ಜಾಗದಲ್ಲಿ. ಅಲ್ಲಿ ನಿಂತಿದ್ದರೆ ಮುಂದಿನ ಮೂರೂ ತುಂಬಿದವೇ ಆಗಿರಬೇಕು. ಆಗಿವೆ. ಅಂದರೆ ಆರರಲ್ಲೊಂದು ಅದೃಷ್ಟ ಬಿಟ್ಟರೆ ಬೇರೇನೂ ಮೋಸ ಇಲ್ಲ. ಆರು ಗುಂಡಿನ ರಿವಾಲ್ವರ್ ಹತ್ತು ಸಲ ಢಂ ಅನ್ನೋ ನಮ್ಮ ಸಿನಿಮಾಗಳ ನಡುವೆ, ಪ್ರತಿ ಗುಂಡಿಗೂ ಲೆಕ್ಕ ಇಟ್ಟ ದೃಶ್ಯ ಇದು. ಲೆಕ್ಕ ಇಟ್ಟವನು ಡಕಾಯಿತ ಅನ್ನೋದು ಬೇರೆ ಮಾತು.

ಆ ರಿವಾಲ್ವರ್ ಎಷ್ಟು ದೊಡ್ಡದು ಅಂತ ಇಲ್ಲಿ ಯಾರೂ ಕೇಳೋದಿಲ್ಲ. ಎಷ್ಟು ಉಳಿದಿದೆ, ಯಾರ ಕೈಯಲ್ಲಿದೆ, ಅಷ್ಟೇ ಪ್ರಶ್ನೆ. ಈಗಿನ ಸಿನಿಮಾ ಇದರ ಉಲ್ಟಾ. 2022ರ ‘ಕೆ.ಜಿ.ಎಫ್. 2’ರಲ್ಲಿ ಹೀರೋ ಪೊಲೀಸ್ ಠಾಣೆ ಮುಂದೆ ನಿಂತು ಮಷಿನ್ ಗನ್ನಿನಿಂದ ಠಾಣೆಯನ್ನೇ ಪುಡಿ ಮಾಡ್ತಾನೆ, ಕಾದ ನಳಿಗೆಯಲ್ಲಿ ಸಿಗರೇಟ್ ಹಚ್ಚಿಕೊಳ್ತಾನೆ. ನಾನೂ ಥಿಯೇಟರಲ್ಲಿ ಶಿಳ್ಳೆ ಹೊಡೆದವಳೇ, ಸುಳ್ಳು ಹೇಳಲ್ಲ. ಆದರೆ ಆ ದೃಶ್ಯದಲ್ಲಿ ಎಣಿಸೋಕೆ ಏನೂ ಇಲ್ಲ. ಗುಂಡು ಮಳೆ ನೀರಿನ ಹಾಗೆ ಸುರಿಯುತ್ತೆ. ಅದನ್ನ ನೋಡಿ ಬೆಳೆದವರು ‘ದೊಡ್ಡ ಕ್ಯಾಲಿಬರ್ ಕೊಡಿ’ ಅನ್ನೋದರಲ್ಲಿ ಆಶ್ಚರ್ಯ ಏನಿದೆ?

ಹುಡುಗ ಹೇಳಿದ ಅಮೆರಿಕದ ಕಥೆಗೆ ಬರೋಣ. ಅರ್ಧ ನಿಜ ಅದು. 1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ಎಂಟು ಜನ ಎಫ್.ಬಿ.ಐ. ಏಜೆಂಟರು ಇಬ್ಬರು ದರೋಡೆಕೋರರನ್ನ ಅಡ್ಡಗಟ್ಟಿದರು. ಐದು ನಿಮಿಷಕ್ಕೂ ಕಡಿಮೆ ಹೊತ್ತಿನ ಗುಂಡಿನ ಕಾಳಗ. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯ. ದರೋಡೆಕೋರರಲ್ಲಿ ಒಬ್ಬನಿಗೆ ಆರಂಭದಲ್ಲೇ ಒಂದು 9 ಎಂ.ಎಂ. ಗುಂಡು ತೋಳಿನ ಮೂಲಕ ಎದೆಗೆ ಹೊಕ್ಕಿತ್ತು. ಹೃದಯಕ್ಕೆ ಸುಮಾರು ಒಂದು ಇಂಚು ಹಿಂದೆ ನಿಂತುಬಿಡ್ತು. ಅವನು ಅದಾದ ಮೇಲೂ ರೈಫಲ್ ಹಿಡಿದು ಹೊಡೀತಾನೇ ಇದ್ದ.

ಆ ಒಂದು ಇಂಚಿನ ಮೇಲೆ ಒಂದು ದೊಡ್ಡ ವ್ಯಾಪಾರವೇ ನಿಂತಿತು. ತಪ್ಪು ಗುಂಡಿನದು ಅಂತ ಇಲಾಖೆ ತೀರ್ಮಾನಿಸಿತು. ದೇಹದ ಮಾಂಸದ ಹಾಗಿರೋ ಜೆಲಾಟಿನ್ ಗಟ್ಟಿಗೆ ಗುಂಡು ಹೊಡೆದು, ಕನಿಷ್ಠ 12 ಇಂಚು ಒಳಗೆ ಹೋಗಲೇಬೇಕು, 18 ಇಂಚು ದಾಟಬಾರದು ಅಂತ ಮಾನದಂಡ ಮಾಡಿದರು. ಮೊದಲು 10 ಎಂ.ಎಂ. ತಂದರು. ಅದರ ಹೊಡೆತ ಎಷ್ಟು ಜೋರು ಅಂದರೆ ಬಹಳ ಜನಕ್ಕೆ ಕೈಯಲ್ಲಿ ಹಿಡಿತಕ್ಕೇ ಸಿಗಲಿಲ್ಲ. ಮದ್ದು ಕಡಿಮೆ ಮಾಡಿದರು. ಮದ್ದು ಕಡಿಮೆ ಆದ ಮೇಲೆ ಅಷ್ಟು ಉದ್ದದ ಗುಂಡೇ ಬೇಡ ಅಂತ 1990ರಲ್ಲಿ .40 ಬಂತು. ಊರೂರಿನ ಪೊಲೀಸರು ಅದಕ್ಕೇ ಬದಲಾದರು. ಹಳೇ ಪಿಸ್ತೂಲು ಕೊಡು, ಹೊಸದು ತಗೋ. ಕಂಪನಿಗಳಿಗೆ ಹಬ್ಬ. 2014ರಲ್ಲಿ ಅದೇ ಎಫ್.ಬಿ.ಐ. ತರಬೇತಿ ವಿಭಾಗ ಇನ್ನೊಂದು ಟಿಪ್ಪಣಿ ಬರೀತು: ಗುಂಡಿನ ತಯಾರಿಕೆ ಸುಧಾರಿಸಿದೆ, ಈಗ 9 ಎಂ.ಎಂ. ಕೂಡ .40 ಮಾಡೋ ಕೆಲಸವನ್ನೇ ಮಾಡುತ್ತೆ. ಮುಖ್ಯವಾಗಿ, ಅದರಲ್ಲಿ ಜನ ಬೇಗ ಹೊಡೀತಾರೆ, ಗುರಿ ಮುಟ್ಟೋದೂ ಜಾಸ್ತಿ. ವಾಪಸ್ 9 ಎಂ.ಎಂ.

ಸುಮಾರು ಮೂವತ್ತು ವರ್ಷ ಸುತ್ತಿ ಹೊರಟಲ್ಲಿಗೇ ಬಂದು ನಿಂತರು. ಮಿಯಾಮಿಯ ದರೋಡೆಕೋರನ ಹತ್ತಿರ ರೈಫಲ್ ಇತ್ತು, ಏಜೆಂಟರಲ್ಲಿ ಬಹಳ ಜನರ ಕೈಯಲ್ಲಿದ್ದದ್ದು ರಿವಾಲ್ವರ್, ಪಿಸ್ತೂಲು. ಆ ಅಂತರವನ್ನ ಯಾವ ಪಿಸ್ತೂಲಿನ ಗುಂಡೂ ತುಂಬೋದಿಲ್ಲ. ಆದರೆ ‘ನಮ್ಮ ಯೋಜನೆ ಸರಿ ಇರಲಿಲ್ಲ’ ಅನ್ನೋದಕ್ಕಿಂತ ‘ನಮ್ಮ ಗುಂಡು ಸರಿ ಇರಲಿಲ್ಲ’ ಅನ್ನೋದು ಯಾವ ಇಲಾಖೆಗೂ ಸುಲಭ. ನಮ್ಮ ಕಂಪನಿಗಳಲ್ಲಿ ಪ್ರಾಜೆಕ್ಟ್ ಬಿದ್ದಾಗ ಸಾಫ್ಟ್‌ವೇರ್ ಬದಲಾಯಿಸ್ತಾರಲ್ಲ, ಹಾಗೆ.

ಇಷ್ಟು ಹೇಳೋ ಹೊತ್ತಿಗೆ ಬೆಟ್ಟ ಹತ್ತಿ ಇಳಿದಿದ್ವಿ. 2012ರಿಂದ ಇದು ರಣಹದ್ದು ಧಾಮ. ಹದ್ದು ಕಾಣಲಿಲ್ಲ, ಬಿಸಿಲು ಕಂಡಿತು. ಚನ್ನಪಟ್ಟಣದ ಕಡೆ ಹೊರಟ್ವಿ.

ದೊಡ್ಡಪ್ಪ ಸಶಸ್ತ್ರ ಮೀಸಲು ಪಡೆಯಲ್ಲಿ ಇದ್ದವರು. ಎ.ಎಚ್.ಸಿ. ಆಗಿ ನಿವೃತ್ತಿ. ಯಾವ ಜಿಲ್ಲೆ ಅಂತ ಹೇಳಲ್ಲ. ಸರ್ವಿಸ್‌ನ ಬಹುಭಾಗ ಬಂದೂಕಿನ ಕೋಣೆ ಅವರ ಸುಪರ್ದಿಯಲ್ಲಿತ್ತು. ಬೆಳಿಗ್ಗೆ ಕೊಡೋದು, ಸಂಜೆ ತಗೊಳ್ಳೋದು, ಎಣ್ಣೆ ಹಾಕೋದು, ಎಣಿಸೋದು, ಬರೆಯೋದು. ಚನ್ನಪಟ್ಟಣದಲ್ಲಿ ಪೊಲೀಸ್ ತರಬೇತಿ ಶಾಲೆ ಇರೋದರಿಂದ ಊರಲ್ಲಿ ಖಾಕಿ ಕಂಡರೆ ಯಾರೂ ತಿರುಗಿ ನೋಡಲ್ಲ, ನಿವೃತ್ತರಂತೂ ಗೊಂಬೆ ಅಂಗಡಿಗಳಷ್ಟೇ ಸಾಮಾನ್ಯ.

ಊಟಕ್ಕೆ ಕೂತಾಗ ಮಾಗಡಿ ಹುಡುಗ ತಡೆಯಲಾರದೆ ಕೇಳಿಯೇಬಿಟ್ಟ: ‘ಸರ್, ರಿವಾಲ್ವರ್ ಚೆನ್ನಾಗಿತ್ತಾ, 9 ಎಂ.ಎಂ. ಪಿಸ್ತೂಲ್ ಚೆನ್ನಾಗಿತ್ತಾ?’

ದೊಡ್ಡಪ್ಪ ಸಾರಿಗೆ ಕೈ ಹಾಕುತ್ತಾ ಅಂದರು: ‘ರಿವಾಲ್ವರೇ ವಾಸಿ ಕಣಪ್ಪ. ಚಿಪ್ಪು ಒಳಗೇ ಇರ್ತದೆ.’

ಹುಡುಗನಿಗೆ ಅರ್ಥ ಆಗಲಿಲ್ಲ. ನನಗೂ ಆಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ರಿವಾಲ್ವರ್‌ನಲ್ಲಿ ಗುಂಡು ಹಾರಿದ ಮೇಲೆ ಖಾಲಿ ಚಿಪ್ಪು ಚಕ್ರದೊಳಗೇ ಕೂತಿರುತ್ತೆ. ಪಿಸ್ತೂಲು ಹಾಗಲ್ಲ, ಒಂದೊಂದು ಸಲ ಹೊಡೆದಾಗಲೂ ಚಿಪ್ಪನ್ನ ಹೊರಗೆ ಚಿಮ್ಮುತ್ತೆ. ಹುಲ್ಲಲ್ಲಿ ಬೀಳುತ್ತೆ, ಮೋರೀಲಿ ಬೀಳುತ್ತೆ. ವರ್ಷಕ್ಕೊಂದು ಸಲ ಫೈರಿಂಗ್ ಅಭ್ಯಾಸ, ತಲೆಗೆ ಬೆರಳೆಣಿಕೆಯಷ್ಟು ಗುಂಡು; ಅದರ ಖಾಲಿ ಚಿಪ್ಪನ್ನೂ ಎಣಿಸಿ ವಾಪಸ್ ಕೊಡಬೇಕು. ಒಂದು ಸಲ ಒಂದು ಚಿಪ್ಪು ಕಮ್ಮಿ ಬಂತಂತೆ. ಇಡೀ ತುಕಡಿ ಮೈದಾನದಲ್ಲಿ ಮಂಡಿಯೂರಿ ಕತ್ತಲಾಗೋವರೆಗೆ ಹುಡುಕಿತು. ಕೊನೆಗೆ ಒಬ್ಬ ಕಾನ್‌ಸ್ಟೇಬಲ್ ಬೂಟು ಬಿಚ್ಚಿದಾಗ ಒಳಗಿಂದ ಬಿತ್ತು. ‘ಗುರಿ ಯಾರಿಗೆ ತಾಗ್ತು, ಯಾರಿಗೆ ತಾಗ್ನಿಲ್ಲ, ಅದನ್ನ ಯಾವ ಸಾಹೇಬ್ರೂ ಕೇಳ್ನಿಲ್ಲ. ಚಿಪ್ಪು ಸಿಕ್ತಾ? ಸಿಕ್ತು. ಎಲ್ರೂ ಮನೆಗೆ ಹೋದ್ವಿ.’

ನಕ್ಕಿದ್ದಾಯ್ತು. ಆದರೆ ನಮ್ಮ ದೇಶದ ಪೊಲೀಸ್ ಗುಂಡಿನ ಇತಿಹಾಸ ಇರೋದು ಇಲ್ಲೇ ಅಂತ ನನಗೆ ಅನ್ನಿಸ್ತು.

ಹುಡುಗನ ಊರಿನ ಪಕ್ಕದ ಸಾವನದುರ್ಗವನ್ನ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೈಯಿಂದ ಕಿತ್ತುಕೊಳ್ತು. ಆ ಸೈನ್ಯದಲ್ಲಿ ಈ ನೆಲದ ಸಿಪಾಯಿಗಳೂ ಇದ್ದರು. ಮುಂದೆ 1857ರಲ್ಲಿ ಬಂಗಾಳದ ಸಿಪಾಯಿಗಳೇ ತಿರುಗಿಬಿದ್ದಾಗ ಬ್ರಿಟಿಷರು ಒಂದು ಪಾಠ ಕಲಿತರು: ಬಂದೂಕು ಕೊಡಬೇಕು, ಆದರೆ ನಮ್ಮದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನ ಕೊಡಬೇಕು. ದಶಕಗಳ ಕಾಲ ಭಾರತೀಯ ಸಿಪಾಯಿಗೆ ಹಳೇ ಮಾದರಿಯೇ ಸಿಕ್ತು. ಪೊಲೀಸರಿಗೆ, ಜೈಲು ಕಾವಲುಗಾರರಿಗೆ ಇನ್ನೂ ಒಂದು ಮೆಟ್ಟಿಲು ಕೆಳಗೆ. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಸೈನ್ಯದ .303 ರೈಫಲ್ಲುಗಳ ನಳಿಗೆ ಕೊರೆದು, ಒಳಗಿನ ಸುರುಳಿ ಗೆರೆಗಳನ್ನ ತೆಗೆದು, ಗುಂಡು ಪೆಟ್ಟಿಗೆ ಮುಚ್ಚಿ, ಒಂದೊಂದೇ ಗುಂಡು ಹಾಕೋ .410 ಮಸ್ಕೆಟ್ ಮಾಡಿದರು. ‘ಫೋರ್-ಟೆನ್’ ಅಂದರೆ ದೊಡ್ಡಪ್ಪನಿಗೆ ಈಗಲೂ ಮುಖ ಅರಳುತ್ತೆ, ಅವರು ಮೊದಲು ಹಿಡಿದ ಬಂದೂಕು ಅದೇ.

ನೋಡಿ, .410 ಅಂದರೆ .303ಗಿಂತ ದೊಡ್ಡ ಅಳತೆ! ನಮ್ಮ ಹುಡುಗನ ಲೆಕ್ಕದಲ್ಲಿ ಪ್ರಮೋಷನ್. ವಾಸ್ತವದಲ್ಲಿ ದೂರ ಹೋಗಲ್ಲ, ಗುರಿ ನಿಲ್ಲಲ್ಲ, ಎರಡನೇ ಗುಂಡಿಗೆ ಮತ್ತೆ ತುಂಬಬೇಕು. ಮಾಡಿದ ಉದ್ದೇಶವೇ ಅದು. ಈ ಬಂದೂಕು ನಾಳೆ ಗುಂಪಿನ ಕೈಗೆ ಸಿಕ್ಕರೂ ಸೈನ್ಯದ ಗುಂಡು ಅದಕ್ಕೆ ಆಗಬಾರದು. ಅಳತೆಯನ್ನ ಆರಿಸಿದ್ದು ಕಳ್ಳನ ದೇಹ ನೋಡಿ ಅಲ್ಲ, ಪೊಲೀಸಿನವನ ನಿಯತ್ತಿನ ಮೇಲಿನ ಅನುಮಾನದಿಂದ.

ಸ್ವಾತಂತ್ರ್ಯ ಬಂದ ಮೇಲೆ ಆ ಅನುಮಾನ ಹೋಯ್ತಾ? ನಮ್ಮ ಕಡೆ ತಿರುಗಿತು. 1959ರ ಶಸ್ತ್ರಾಸ್ತ್ರ ಕಾಯ್ದೆ, 1962ರ ನಿಯಮಗಳ ಪಟ್ಟಿ ತೆಗೆದು ನೋಡಿ. .303 ಅಥವಾ 7.62ರ ಸರ್ಕಾರಿ ಗುಂಡು ಹಿಡಿಸೋ ರೈಫಲ್, .410 ಮಸ್ಕೆಟ್, .380 ಮತ್ತು .455 ರಿವಾಲ್ವರ್, 9 ಎಂ.ಎಂ. ಪಿಸ್ತೂಲು, ಇವೆಲ್ಲ ಸಾಮಾನ್ಯರಿಗೆ ನಿಷಿದ್ಧ ಬೋರ್. ಲೈಸೆನ್ಸ್ ಇರೋ ಜಮೀನ್ದಾರರು, ರಾಜಕಾರಣಿಗಳು ಕಾನ್ಪುರದ .32 ರಿವಾಲ್ವರ್ ಇಟ್ಟುಕೊಳ್ಳಬಹುದು. ಇಂಥ ಗುಂಡು ಎಷ್ಟು ಅಪಾಯಕಾರಿ ಅನ್ನೋದು ಇಲ್ಲಿ ಅಳತೆಗೋಲು ಅಲ್ಲ. ಠಾಣೆಯಿಂದ ಕದ್ದ ಗುಂಡು ಮನೆಯ ಬಂದೂಕಿಗೆ ಹಿಡಿಸಬಾರದು, ಅಷ್ಟೇ.

ಈ ಭಯ ಸುಮ್ಮನೆ ಹುಟ್ಟಿದ್ದೇನಲ್ಲ. ಕನಕಪುರ ದಾಟಿ ಸಂಗಮ, ಮೇಕೆದಾಟಿಗೆ ನೀವು ಹೋಗಿದ್ದೀರಲ್ಲ? ಅಲ್ಲಿಂದ ಕಾವೇರಿಗುಂಟ ಕಾಡು ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಗುತ್ತೆ. ಆ ತುದಿಯಲ್ಲಿ 1992ರಲ್ಲಿ ವೀರಪ್ಪನ್ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಪೊಲೀಸರನ್ನ ಕೊಂದು ಬಂದೂಕುಗಳನ್ನ ಹೊತ್ತೊಯ್ದ. ಅದೇ ವರ್ಷ ಆಗಸ್ಟ್ 14ಕ್ಕೆ ಎಸ್.ಪಿ. ಹರಿಕೃಷ್ಣ, ಎಸ್.ಐ. ಶಕೀಲ್ ಅಹಮದ್ ಅವನ ಬಲೆಗೆ ಬಿದ್ದು ಪ್ರಾಣ ಬಿಟ್ಟರು. ದೊಡ್ಡಪ್ಪ ಆ ಎರಡು ಹೆಸರು ಹೇಳುವಾಗ ಈಗಲೂ ಊಟದ ತಟ್ಟೆಯಿಂದ ಕೈ ತೆಗೀತಾರೆ. ವೀರಪ್ಪನ್ ಬಗ್ಗೆ ಸಿನಿಮಾ ಬಂದಿವೆ, 2023ರಲ್ಲಿ ಸಾಕ್ಷ್ಯಚಿತ್ರ ಸರಣಿಯೂ ಬಂತು. ಮೀಸೆ ಚೆನ್ನಾಗಿ ತೋರಿಸ್ತಾರೆ. ಠಾಣೆಯ ಬಂದೂಕಿನ ಕೋಣೆಯ ಬೀಗ ಹಿಡಿದವನ ಎದೆಬಡಿತ ನನಗೆ ಯಾವುದರಲ್ಲೂ ಕೇಳಿಸಲಿಲ್ಲ.

ಹಾಗಾದರೆ .38 ರಿವಾಲ್ವರ್ ಹೋಗಿ 9 ಎಂ.ಎಂ. ಪಿಸ್ತೂಲು ಬಂದಿದ್ದು ಯಾಕೆ? ಶಕ್ತಿಗೆ ಅಂತ ಹುಡುಗ ಅಂದ. ಅಗಲದಲ್ಲಿ ಎರಡಕ್ಕೂ ಇಂಚಿನ ನೂರರಲ್ಲೊಂದು ಭಾಗದಷ್ಟೂ ವ್ಯತ್ಯಾಸ ಇಲ್ಲ. 9 ಎಂ.ಎಂ. ಗುಂಡು ವೇಗವಾಗಿ ಹೋಗುತ್ತೆ ನಿಜ, ಆರರ ಬದಲು ಪೆಟ್ಟಿಗೆಯಲ್ಲಿ 13 ಹಿಡಿಸುತ್ತೆ ನಿಜ. ಆದರೆ ಇನ್ನೊಂದು ಕಾರಣ ಹೆಚ್ಚು ಸಪ್ಪೆ. ಸೈನ್ಯದ ಪಿಸ್ತೂಲಿಗೂ ಕಾರ್ಬೈನ್‌ಗೂ ಅದೇ ಗುಂಡು. ಇಶಾಪುರದ ಕಾರ್ಖಾನೆ ಆ ಪಿಸ್ತೂಲು ಮಾಡ್ತಿತ್ತು. ಪೊಲೀಸ್ ಇಲಾಖೆ ರಾಜ್ಯದ್ದು, ಬಂದೂಕಿನ ಕಾರ್ಖಾನೆ ಕೇಂದ್ರದ್ದು. ಕಾರ್ಖಾನೆಯಲ್ಲಿ ಏನು ಸಿಗುತ್ತೋ ಅದೇ ಠಾಣೆಗೆ ಬರುತ್ತೆ. ಉತ್ತರ ಪ್ರದೇಶದ ಪೊಲೀಸರು .303ಗೆ ಅಧಿಕೃತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಅದಕ್ಕೆ ಹನ್ನೊಂದು ವರ್ಷ ಮುಂಚೆ, 2008ರ ನವೆಂಬರ್‌ನಲ್ಲಿ, ಮುಂಬಯಿಯ ಸಿ.ಎಸ್.ಟಿ. ನಿಲ್ದಾಣದಲ್ಲಿ ಎ.ಕೆ. 47ಗಳ ಎದುರು ಇದ್ದದ್ದು ಅದೇ ರೈಫಲ್. ಈ ವಿಷಯದಲ್ಲಿ ಹುಡುಗನ ಸಿಟ್ಟು ಸರಿ. ಹಳೇ ಸಾಮಾನು ಕೊಟ್ಟು ಹೊಸ ಶತ್ರುವಿನ ಮುಂದೆ ನಿಲ್ಲಿಸೋದು ಕೊಲೆಗೆ ಸಮಾನ.

ನಾನು ಒಪ್ಪದೇ ಇರೋದು ‘ದೊಡ್ಡ ಗುಂಡು ಕೊಟ್ರೆ ಮುಗೀತು’ ಅನ್ನೋದನ್ನ. ಬ್ರಿಟಿಷರೇ 1932ರಲ್ಲಿ ತಮ್ಮ ಸೈನ್ಯಕ್ಕೆ ದಪ್ಪದ .455 ಬಿಟ್ಟು ಸಣ್ಣ .38 ತಂದರು. ಕಾರಣ? ಹೊಸಬರಿಗೆ ದೊಡ್ಡ ರಿವಾಲ್ವರಲ್ಲಿ ಗುರಿ ಕಲಿಸೋದು ಕಷ್ಟ. 2014ರಲ್ಲಿ ಎಫ್.ಬಿ.ಐ. ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ತಾಗದ ದೊಡ್ಡ ಗುಂಡಿಗಿಂತ ತಾಗುವ ಸಣ್ಣ ಗುಂಡು ಮೇಲು. ತಾಗಬೇಕಾದರೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಗುಂಡು ಬೇಕು. ವರ್ಷಕ್ಕೆ ಬೆರಳೆಣಿಕೆ ಗುಂಡು ಹೊಡೆದವನ ಕೈಗೆ ಜಗತ್ತಿನ ಯಾವ ಪಿಸ್ತೂಲು ಕೊಟ್ಟರೂ ಅವನು ಅದೇ ಮನುಷ್ಯ. ಅವನ ಗುಂಡು ತಾಗಬೇಕಾದವನನ್ನ ಬಿಟ್ಟು ಹಿಂದೆ ಹೂವು ಮಾರೋಳಿಗೆ ತಾಗಿದರೆ ಕ್ಯಾಲಿಬರ್ ಹೆಸರು ಹೇಳಿ ಸಮಾಧಾನ ಮಾಡೋಕಾಗುತ್ತಾ?

ಇಲ್ಲೊಂದು ವಿಚಿತ್ರ ಇದೆ. ದೇಹದೊಳಗೆ ಹೊಕ್ಕ ಮೇಲೆ ಅರಳಿ ಅಗಲವಾಗೋ ಗುಂಡಿಗೆ ಹೆಸರು ಬಂದಿದ್ದು ಕೋಲ್ಕತ್ತಾ ಪಕ್ಕದ ಡಂಡಂ ಊರಿನಿಂದ, ಅಲ್ಲಿನ ಶಸ್ತ್ರಾಗಾರದಲ್ಲಿ ಮಾಡ್ತಿದ್ದರು. 1899ರ ಹೇಗ್ ಘೋಷಣೆ ಅದನ್ನ ಯುದ್ಧದಲ್ಲಿ ಬಳಸಬಾರದು ಅಂತು. ಪೊಲೀಸರಿಗೆ ಆ ಘೋಷಣೆ ಅನ್ವಯಿಸಲ್ಲ. ಅಮೆರಿಕದ ಪೊಲೀಸರು ಇವತ್ತು ಬಳಸೋದು ಅರಳೋ ಗುಂಡನ್ನೇ. ಶತ್ರು ಸೈನಿಕನ ಮೇಲೆ ಹಾಕಬಾರದ ಗುಂಡನ್ನ ಸ್ವಂತ ನಾಗರಿಕನ ಮೇಲೆ ಹಾಕಬಹುದು! ಅವರ ಸಮರ್ಥನೆಯಲ್ಲಿ ಹುರುಳಿದೆ: ಅರಳಿದ ಗುಂಡು ದೇಹದೊಳಗೇ ನಿಲ್ಲುತ್ತೆ, ಹಿಂದಿದ್ದವನಿಗೆ ತಾಗಲ್ಲ. ಅಂದರೆ ಸರಿಯಾದ ಗುಂಡು ಯಾವುದು ಅನ್ನೋ ಪ್ರಶ್ನೆಯಲ್ಲಿ ಹೊಡೆಸಿಕೊಳ್ಳೋನು ಮಾತ್ರ ಅಲ್ಲ, ಅವನ ಹಿಂದೆ ನಿಂತ ನಾವೂ ಇದ್ದೀವಿ.

ಊಟ ಮುಗಿದು ಎಲೆಅಡಿಕೆ ಹಾಕಿಕೊಳ್ಳುವಾಗ ದೊಡ್ಡಪ್ಪ ಇನ್ನೊಂದು ವಿಷಯ ಹೇಳಿದರು. ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಒಂದು ರಾತ್ರಿ ಒಂದು ಘಟನೆ ಆಯ್ತು. ಒಬ್ಬ ಹುಡುಗ ಸತ್ತಿದ್ದ. ಅಧಿಕಾರಿಯೊಬ್ಬರು ರಿವಾಲ್ವರ್ ವಾಪಸ್ ಕೊಡೋಕೆ ಬಂದು, ‘ಮೂರು ಅಂತ ಬರ್ಕೊಳಯ್ಯ’ ಅಂದರು. ದೊಡ್ಡಪ್ಪ ಅಭ್ಯಾಸಬಲದಿಂದ ಚಕ್ರ ಬಿಚ್ಚಿದರು.

‘ಖಾಲಿ ಚಿಪ್ಪು ನಾಲ್ಕಿದ್ವು ಕಣವ್ವ. ನಾಲ್ಕು ಅಂತ ಬರ್ದೆ.’

‘ಆಮೇಲೆ?’

‘ಆಮೇಲೇನು, ಮೂರು ತಿಂಗ್ಳಿಗೆ ಬೇರೆ ಊರು. ನಾಲ್ಕನೇದು ಎಲ್ಲಿಗ್ ಹೋಯ್ತು ಅಂತ ಯಾರೂ ಕೇಳ್ನಿಲ್ಲ.’

ದೊಡ್ಡಮ್ಮ ಒಳಗಿಂದ, ‘ಅದ್ಯಾಕೀಗ ಮಕ್ಕಳ ಮುಂದೆ’ ಅಂದರು. ಮಾತು ನಿಂತಿತು.

ಚಿಪ್ಪು ಒಳಗೇ ಇರುತ್ತೆ ಅಂದಿದ್ದರ ಪೂರ್ತಿ ಅರ್ಥ ನನಗೆ ಆಗಿದ್ದು ಆಗ. ಸಿಪಾಯಿಯ ಮೇಲಿನ ಅನುಮಾನದಿಂದ ಹುಟ್ಟಿದ ಆ ರಿಜಿಸ್ಟರೇ ಒಂದು ರಾತ್ರಿ ಸತ್ತ ಹುಡುಗನ ಪರ ಇದ್ದ ಏಕೈಕ ಸಾಕ್ಷಿ ಆಯ್ತು. ಪಿಸ್ತೂಲಾಗಿದ್ದರೆ ನಾಲ್ಕನೇ ಚಿಪ್ಪು ಯಾವ ಮೋರಿಯಲ್ಲಿತ್ತೋ. ಹಾಗಂತ ಎಲ್ಲರೂ ರಿವಾಲ್ವರ್‌ಗೆ ವಾಪಸ್ ಹೋಗಿ ಅನ್ನೋದಿಲ್ಲ. ಆಯುಧ ಬದಲಾದಾಗ ಎಣಿಸೋ ಕ್ರಮವೂ ಬದಲಾಗಬೇಕು ಅಂತೀನಿ. 2014ರಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಸಂಬಂಧಪಟ್ಟ ಪೊಲೀಸರು ತಮ್ಮ ಆಯುಧಗಳನ್ನ ವಿಧಿವಿಜ್ಞಾನ ಪರೀಕ್ಷೆಗೆ ಒಪ್ಪಿಸಬೇಕು ಅಂತಿದೆ. ಕೋರ್ಟ್ ಕೇಳಿದ್ದು ಲೆಕ್ಕ. ದೊಡ್ಡಪ್ಪ ಕೇಳಿದ್ದೂ ಅದನ್ನೇ.

‘ಶೋಲೆ’ಯ ಕೊನೆ ನೆನಪಿದೆಯಾ? ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ಠಾಕೂರ್, ಅಂದರೆ ಮಾಜಿ ಪೊಲೀಸ್, ಗಬ್ಬರನನ್ನ ಕೊಂದೇಬಿಡ್ತಾನೆ. ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ಗಬ್ಬರನನ್ನ ಹಿಡ್ಕೊಂಡು ಹೋಗೋ ಹಾಗೆ ಬದಲಾಯ್ತು. ಕಲೆಯ ದೃಷ್ಟಿಯಿಂದ ಮೊದಲನೇದೇ ಸರಿ ಅಂತ ನಾನೂ ವಾದ ಮಾಡಿದ್ದೀನಿ. ಈಗ ಅಷ್ಟು ಖಾತ್ರಿ ಇಲ್ಲ. ಅದು ತುರ್ತು ಪರಿಸ್ಥಿತಿಯ ಸರ್ಕಾರ, ತಾನೇ ಕಾನೂನು ಮುರೀತಾ ಪರದೆ ಮೇಲೆ ಕಾನೂನು ಕಾಪಾಡ್ತು. ಆ ಕಪಟ ಹಾಗಿರಲಿ. ಆದರೂ ಕೊಲ್ಲೋ ಕೈಯನ್ನ ಯಾರೋ ಹಿಡಿದು, ‘ಇರು, ಇದಕ್ಕೆ ಲೆಕ್ಕ ಇದೆ’ ಅನ್ನೋದು ಕೆಟ್ಟ ಅಂತ್ಯ ಅಂತ ಈಗ ಅನ್ನಿಸೋದಿಲ್ಲ.

ಸಂಜೆ ವಾಪಸ್ ಹೊರಟ್ವಿ. ಮೈಸೂರು ರಸ್ತೆಯಲ್ಲಿ ರಾಜರಾಜೇಶ್ವರಿ ನಗರದ ಕಮಾನು ದಾಟುವಾಗ ಕಾರಿನಲ್ಲಿ ಯಾರೂ ಮಾತಾಡ್ತಿರಲಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಆ ಕಮಾನಿನ ಒಳಗಿನ ಒಂದು ಮನೆಯ ಬಾಗಿಲಲ್ಲಿ ಗೌರಿ ಲಂಕೇಶ್ ಅವರನ್ನ ಕೊಂದರು. ಅದಕ್ಕೆ ಎರಡು ವರ್ಷ ಮುಂಚೆ, 2015ರ ಆಗಸ್ಟ್ 30ಕ್ಕೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನ. ಎರಡಕ್ಕೂ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಗೊತ್ತಾಗಿದ್ದು ಹೇಗೆ? ಗುಂಡು ಮತ್ತು ಖಾಲಿ ಚಿಪ್ಪುಗಳ ಮೇಲಿನ ಗೀರುಗಳಿಂದ.

7.65 ಅಂದರೆ .32. ನಮ್ಮ ಹುಡುಗನ ಪಟ್ಟಿಯಲ್ಲಿ ಲೆಕ್ಕಕ್ಕೇ ಇಲ್ಲದ ಸಣ್ಣ ಗುಂಡು. ಅದು ಕನ್ನಡದ ಒಬ್ಬ ವಿದ್ವಾಂಸರನ್ನ, ಒಬ್ಬ ಪತ್ರಕರ್ತೆಯನ್ನ ಕೊಲ್ಲೋಕೆ ಸಾಕಾಯ್ತು. ಹುಡುಗನಿಗೆ ಇದನ್ನ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚಿಪ್ಪು ಸಿಕ್ಕಿದ್ದಕ್ಕೆ ಗೊತ್ತಾಯ್ತು ಅಲ್ವಾ’ ಅಂದ.

ಮಾರನೇ ದಿನ ಬೆಳಿಗ್ಗೆ ಪೇಪರ್ ತೆಗೆದರೆ ಒಳಪುಟದಲ್ಲಿ ಎಂದಿನ ಸುದ್ದಿ: ಪರಾರಿಯಾಗಲು ಯತ್ನ, ಪೊಲೀಸರ ಮೇಲೆ ಹಲ್ಲೆ, ಆತ್ಮರಕ್ಷಣೆಗಾಗಿ ಆರೋಪಿಯ ಕಾಲಿಗೆ ಗುಂಡು. ಇಂಥದ್ದನ್ನ ನಾನು ನೂರು ಸಲ ಓದಿ ಪುಟ ತಿರುಗಿಸಿದ್ದೀನಿ. ಈ ಸಲ ಎರಡು ಸಲ ಓದಿದೆ. ಆರೋಪಿಯ ಹೆಸರಿತ್ತು, ಅವನ ಮೇಲಿನ ಕೇಸುಗಳ ಪಟ್ಟಿ ಇತ್ತು, ಆಸ್ಪತ್ರೆಯ ಹೆಸರಿತ್ತು. ಎಷ್ಟು ಗುಂಡು ಹಾರಿತು, ಎಷ್ಟು ತಾಗಿತು, ಉಳಿದದ್ದು ಎಲ್ಲಿ ಹೋಯ್ತು, ಇದ್ಯಾವುದೂ ಇರಲಿಲ್ಲ.

ಫೋಟೋ ತೆಗೆದು ದೊಡ್ಡಪ್ಪನಿಗೆ ವಾಟ್ಸ್ಆ್ಯಪ್ ಮಾಡಿದೆ. ಮಧ್ಯಾಹ್ನ ಉತ್ತರ ಬಂತು, ಒಂದೇ ಸಾಲು: ‘ಚಿಪ್ಪು ಎಷ್ಟು ಸಿಕ್ಕಿತಂತೆ?’